ಯಂತ್ರ ಬದಲಾದರೂ ಉಳಿಯುವ ಬರಹ

ದೊಡ್ಡಬಳ್ಳಾಪುರದ ಕಡೆಯ ರೇಷ್ಮೆಮಗ್ಗಗಳನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಮಗ್ಗದ ಮೇಲ್ಗಡೆ ಜಕಾರ್ಡ್ ಎಂಬ ಒಂದು ಪೆಟ್ಟಿಗೆ. ಅದಕ್ಕೆ ಸರಪಣಿಯಂತೆ ಹೊಲಿದು ಸೇರಿಸಿದ, ತೂತುಗಳುಳ್ಳ ರಟ್ಟಿನ ಹಲಗೆಗಳು. ತೂತು ಇರುವೆಡೆಯಲ್ಲಿ ಹಾಸಿನ ಎಳೆ ಮೇಲಕ್ಕೇಳುತ್ತದೆ, ಇಲ್ಲದೆಡೆಯಲ್ಲಿ ಕೆಳಗೇ ನಿಲ್ಲುತ್ತದೆ. ಹೀಗೆ ಎಳೆ ಎಳೆಯಾಗಿ ಸೆರಗಿನಲ್ಲಿ ಮಾವಿನಕಾಯಿಯೋ ನವಿಲೋ ಮೂಡುತ್ತದೆ. ನವಿಲು ಇರುವುದು ವಾಸ್ತವವಾಗಿ ಆ ರಟ್ಟುಗಳಲ್ಲಿಯೇ ಎನ್ನಬಹುದು. ಆದರೆ ಅದೇ ರಟ್ಟುಗಳನ್ನು ಒಯ್ದು, ಕೊಕ್ಕೆಗಳ ಸಂಖ್ಯೆ ಬೇರೆಯಾಗಿರುವ ಇನ್ನೊಂದು ಮಗ್ಗಕ್ಕೆ ತೊಡಿಸಿದರೆ ನವಿಲು ಮೂಡದು. ಹೊಸ ರಟ್ಟುಗಳನ್ನು ತಂದು ಮೊದಲಿನಿಂದ ತೂತು ಹೊಡೆಯಬೇಕು.

ಗಣಕಯಂತ್ರಗಳ ಮೊದಲ ಕಾಲದಲ್ಲಿ ಪರಿಸ್ಥಿತಿ ಇದೇ ಬಗೆಯದಾಗಿತ್ತು. ಒಂದು ಯಂತ್ರಕ್ಕಾಗಿ ಬರೆದ ಆಜ್ಞೆಗಳು ಇನ್ನೊಂದು ಯಂತ್ರಕ್ಕೆ ಅರ್ಥಹೀನ. ಯಂತ್ರಗಳಾದರೋ ಕೆಲವೇ ವರ್ಷಗಳಿಗೊಮ್ಮೆ ಬದಲಾಗುತ್ತಿದ್ದವು. ಹಾಗಾದರೆ ಹಳೆಯ ಯಂತ್ರಕ್ಕಾಗಿ ವರ್ಷಗಟ್ಟಲೆ ಬರೆದುದೆಲ್ಲ ಏನಾಗಬೇಕು? ಅದನ್ನು ಬರೆಯಲು ಕಲಿತವರ ವಿದ್ಯೆ ಏನಾಗಬೇಕು? ಇಂದು ಕಾಲೇಜಿನಲ್ಲಿ ಗಣಕವಿಜ್ಞಾನವನ್ನು ಓದುತ್ತಿರುವ ತರುಣ ತರುಣಿಯರೂ ಒಳಗೊಳಗೇ ಕೇಳಿಕೊಳ್ಳುವ ಪ್ರಶ್ನೆ ಇದು. ಆದುದರಿಂದ, ಈ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿ ಮತ್ತೆ ಮತ್ತೆ ಎದುರಿಸಿ, ಕೊನೆಗೆ ಅದಕ್ಕೊಂದು ಉತ್ತರವನ್ನು ಕಟ್ಟಿನಿಲ್ಲಿಸಿದ ಗ್ರೇಸ್ ಹಾಪರ್ ಎಂಬ ಅಮೆರಿಕದ ಮಹಿಳೆಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಆಕೆ ಈ ಕೆಲಸಕ್ಕೆ ಕೈಹಾಕಿದಾಗ ತಂತ್ರಾಂಶವೆಂಬ ಮಾತಾಗಲಿ, ತಂತ್ರಾಂಶ ಎಂಜಿನಿಯರ್ ಎಂಬ ಹೆಸರಾಗಲಿ ಬಳಕೆಗೆ ಬಂದಿರಲಿಲ್ಲ.

ಹಾಪರ್ ಹುಟ್ಟಿದ್ದು ೧೯೦೬ರ ಡಿಸೆಂಬರ್ ೯ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದ ಬಾಲಕಿಯಾಗಿದ್ದಾಗ ಅಲಾರಂ ಗಡಿಯಾರ ಹೇಗೆ ಓಡುತ್ತದೆಂದು ನೋಡಲು ಒಂದನ್ನು ಬಿಚ್ಚಿ, ಅದನ್ನು ಮರಳಿ ಜೋಡಿಸಲಾರದೆ ಎರಡನೆಯದನ್ನು ಬಿಚ್ಚಿ, ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳನ್ನೂ ಬಿಡಿಬಿಡಿಯಾಗಿ ಹರಡಿದರಂತೆ. ಇನ್ನು ಮುಂದೆ ಒಂದನ್ನು ಮಾತ್ರ ಬಿಚ್ಚಬಹುದೆಂದು ತಾಯಿ ಕಟ್ಟಪ್ಪಣೆ ಮಾಡಿದರಂತೆ. ವಾಸರ್ ಕಾಲೇಜಿನಲ್ಲಿ ಓದಿ, ಯೇಲ್ ವಿಶ್ವವಿದ್ಯಾನಿಲಯದಿಂದ ೧೯೩೪ರಲ್ಲಿ ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ವಾಸರ್‌ನಲ್ಲಿಯೇ ಗಣಿತದ ಅಧ್ಯಾಪಕಿಯಾಗಿದ್ದರು. ಎರಡನೆಯ ಮಹಾಯುದ್ಧ ಬಾರದಿದ್ದರೆ ಅಲ್ಲಿಯೇ ನಿವೃತ್ತರಾಗುತ್ತಿದ್ದರೋ ಏನೋ. ನೌಕಾದಳಕ್ಕೆ ಸೇರಲು ಹೋದಾಗ ವಯಸ್ಸು ಹೆಚ್ಚಾಯಿತು, ತೂಕ ಕಡಿಮೆಯಾಯಿತು ಎಂಬ ಆಕ್ಷೇಪಣೆಗಳು ಬಂದವು. ಅವುಗಳಿಂದ ವಿನಾಯಿತಿ ಪಡೆದು, ೧೯೪೩ರ ಡಿಸೆಂಬರ್‌ನಲ್ಲಿ ನೌಕಾದಳದ ಮೀಸಲು ಪಡೆಯನ್ನು ಸೇರಿದರು. ತರಬೇತಿ ಮುಗಿದೊಡನೆ, ೧೯೪೪ರ ಜುಲೈ ತಿಂಗಳಲ್ಲಿ, ಆಕೆಯನ್ನು ಹಡಗಿಗಲ್ಲ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ನೆಲಮಾಳಿಗೆಗೆ ಕಳುಹಿಸಲಾಯಿತು.

ಅಲ್ಲಿದ್ದುದು ಮಾರ್ಕ್ ೧ ಎಂಬ ಗಣಕ. ಹಾವರ್ಡ್ ಐಕೆನ್ ಎಂಬ ವಿಜ್ಞಾನಿಯ ಯೋಜನೆಯಂತೆ ಐಬಿಎಂ ಸಂಸ್ಥೆ ನಿರ್ಮಿಸಿಕೊಟ್ಟ ಯಂತ್ರ ಅದು. ೫೧ ಅಡಿ ಉದ್ದ, ೮ ಅಡಿ ಎತ್ತರ, ಸುಮಾರು ೫ ಟನ್ ಭಾರ. ಒಳಗೆ ತಿರುಗುವ ಚಕ್ರಗಳೂ, ಟಪಟಪನೆ ಮುಚ್ಚಿ ತೆರೆಯುವ ರಿಲೇಗಳೂ, ಇವೆಲ್ಲವನ್ನೂ ಒಟ್ಟಿಗೆ ತಿರುಗಿಸುವ ಒಂದು ಉದ್ದನೆಯ ಉಕ್ಕಿನ ದಂಡವೂ ಇದ್ದವು. ಇಪ್ಪತ್ತಮೂರು ಅಂಕಿಗಳ ಸಂಖ್ಯೆಗಳನ್ನು ಅದು ಸೆಕೆಂಡಿಗೆ ಮೂರರಂತೆ ಕೂಡುತ್ತಿತ್ತು. ಗುಣಾಕಾರಕ್ಕೆ ಸುಮಾರು ೬ ಸೆಕೆಂಡು, ಭಾಗಾಕಾರಕ್ಕೆ ೧೫ ಸೆಕೆಂಡಿಗೂ ಹೆಚ್ಚು. ಇಂದಿನ ವಿದ್ಯಾರ್ಥಿಗೆ ನಗು ಬರಬಹುದು. ಆದರೆ ಕಾಗದ ಪೆನ್ಸಿಲುಗಳಿಂದ ೨೩ ಅಂಕಿಗಳ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಿ, ಆಮೇಲೆ ನಗಬಹುದು.

ಹಾಪರ್ ಹೋಗಿ ನಿಂತೊಡನೆ ಐಕೆನ್ ಅವರು ಇಷ್ಟು ದಿನ ಎಲ್ಲಿದ್ದಿರಿ ಎಂದು ಗದರಿ, ಯಂತ್ರವನ್ನು ತೋರಿಸಿ, ಆರ್ಕ್‌ಟ್ಯಾಂಜೆಂಟ್ ಶ್ರೇಢಿಯ ಗುಣಾಂಕಗಳನ್ನು ಗಣಿಸಿಕೊಡಬೇಕೆಂದು ಹೇಳಿದರೆಂದು ಆಕೆಯೇ ಮುಂದೆ ನೆನೆಸಿಕೊಳ್ಳುತ್ತಿದ್ದರು. ಯಂತ್ರಕ್ಕೆ ಆಜ್ಞೆ ಕೊಡುವುದನ್ನು ಕಲಿಸುವ ಪುಸ್ತಕವೊಂದೂ ಇರಲಿಲ್ಲ. (ಆ ಪುಸ್ತಕವನ್ನು, ೫೬೧ ಪುಟಗಳದನ್ನು, ಮುಂದೆ ಆಕೆಯೇ ಬರೆಯಬೇಕಾಯಿತು, ಅದು ೧೯೪೬ರಲ್ಲಿ ಅಚ್ಚಾಯಿತು.) ಆಜ್ಞೆಗಳನ್ನು ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಹೊಡೆಯಬೇಕು. ಒಂದೊಂದು ಸಾಲಿನಲ್ಲಿ ೨೪ ಸ್ಥಾನಗಳು, ಎಂಟೆಂಟರ ಮೂರು ಗುಂಪುಗಳು: ಸಂಖ್ಯೆಯನ್ನು ಎಲ್ಲಿಂದ ತೆಗೆಯಬೇಕು, ಎಲ್ಲಿಗೆ ಒಯ್ಯಬೇಕು, ಏನು ಮಾಡಬೇಕು. ಒಂದೇ ಕೆಲಸವನ್ನು ಪುನಃ ಪುನಃ ಮಾಡಿಸಬೇಕಾದರೆ ಪಟ್ಟಿಯ ಎರಡು ತುದಿಗಳನ್ನೂ ಅಂಟಿಸಿ ಬಳೆಯಂತೆ ಮಾಡುತ್ತಿದ್ದರು. ಇಂದಿನ ವಿದ್ಯಾರ್ಥಿಗಳು ಲೂಪ್ ಎಂದು ಕರೆಯುವುದು ಅಲ್ಲಿ ಕೈಯಿಂದ ಮುಟ್ಟಬಹುದಾದ ವಸ್ತುವೇ ಆಗಿತ್ತು.

ಅದೇ ಕೊಠಡಿಯಲ್ಲಿ ರಿಚರ್ಡ್ ಬ್ಲಾಕ್, ರಾಬರ್ಟ್ ಕ್ಯಾಂಪ್‌ಬೆಲ್ ಎಂಬ ಇಬ್ಬರು ತರುಣರಿದ್ದರು. ಹಾಪರ್‌ಗಿಂತ ಮೊದಲೇ ಯಂತ್ರದ ಗುಟ್ಟನ್ನರಿತವರು. ಮೂವರೂ ಒಂದೊಂದು ನೋಟುಪುಸ್ತಕವನ್ನಿಟ್ಟುಕೊಂಡಿದ್ದರು. ‘ಸೈನ್’ ಬೆಲೆಯನ್ನು ಕಂಡುಹಿಡಿಯುವ ಆಜ್ಞೆಗಳನ್ನು ಒಬ್ಬರು ಸರಿಯಾಗಿ ಬರೆದು ಪರೀಕ್ಷಿಸಿದ್ದರೆ, ಇನ್ನೊಬ್ಬರು ಅದನ್ನೇ ತಮ್ಮ ಪುಸ್ತಕಕ್ಕೆ ಎತ್ತಿಕೊಳ್ಳುತ್ತಿದ್ದರು. ಒಮ್ಮೆ ಸರಿಹೋದ ಬರಹವನ್ನು ಮತ್ತೆ ಬರೆಯುವುದೇಕೆ? ಈ ಸಣ್ಣ ಅಭ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ಬೀಜ ಇಲ್ಲಿಯೇ ಇದೆ.

ಹಾಪರ್ ಹೆಸರು ಬಂದಾಗಲೆಲ್ಲ ಪತಂಗದ ಕಥೆ ಬರುವುದು ರೂಢಿ. ೧೯೪೭ರ ಸೆಪ್ಟೆಂಬರ್ ೯ರಂದು ಮಾರ್ಕ್ ೨ ಎಂಬ ಮುಂದಿನ ಯಂತ್ರದ ರಿಲೇಯೊಂದರಲ್ಲಿ ಸಿಕ್ಕಿಕೊಂಡು ಸತ್ತ ಪತಂಗವೊಂದನ್ನು ತೆಗೆದು, ದಿನಚರಿಯ ಪುಸ್ತಕಕ್ಕೆ ಅಂಟಿಸಿದ್ದು ನಿಜ. ಆ ಪುಟ ಇಂದು ವಾಷಿಂಗ್ಟನ್ ನಗರದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಪತಂಗವನ್ನು ಹಿಡಿದವರು ಹಾಪರ್ ಅಲ್ಲ. ಅದರ ಕಥೆಯನ್ನು ರಸವತ್ತಾಗಿ ಹೇಳಿ ಪ್ರಸಿದ್ಧಿಗೆ ತಂದವರು ಅವರು. ಯಂತ್ರದ ದೋಷವನ್ನು ‘ಬಗ್’, ಎಂದರೆ ಹುಳು, ಎನ್ನುವ ಮಾತು ಎಡಿಸನ್ನನ ಕಾಲದಿಂದಲೂ ಇತ್ತು. ಆಕೆಯ ನಿಜವಾದ ಸಾಧನೆಯ ಮುಂದೆ ಈ ಪತಂಗ ಬಹಳ ಚಿಕ್ಕದು. ಅದನ್ನು ಇಲ್ಲಿಗೇ ಬಿಡೋಣ.

೧೯೪೯ರಲ್ಲಿ ಹಾರ್ವರ್ಡ್‌ನ ಕೆಲಸ ಕೊನೆಗೊಂಡಿತು. ನಾಲ್ವತ್ತೆರಡರ ವಯಸ್ಸು, ಐದು ವರ್ಷ ಕಲಿತದ್ದೆಲ್ಲ ಚಕ್ರಗಳ ಮತ್ತು ರಿಲೇಗಳ ವಿದ್ಯೆ. ಹೊರಗೆ ಆಗಲೇ ಎಲೆಕ್ಟ್ರಾನ್ ಕೊಳವೆಗಳ, ಎಂದರೆ ರೇಡಿಯೋ ವಾಲ್ವುಗಳಂಥವುಗಳ, ಯುಗ ಆರಂಭವಾಗಿತ್ತು. ಅಧ್ಯಾಪಕ ವೃತ್ತಿಗೆ ಹಿಂದಿರುಗದೆ ಹಾಪರ್ ಸೇರಿದ್ದು ಫಿಲಡೆಲ್ಫಿಯಾದ ಎಕರ್ಟ್–ಮಾಕ್ಲಿ ಎಂಬ ಪುಟ್ಟ ಕಂಪನಿಯನ್ನು. ಹಣದ ಮುಗ್ಗಟ್ಟಿನಿಂದ ನಾಳೆಯೋ ನಾಡಿದ್ದೋ ಎಂಬಂತಿದ್ದ ಆ ಕಂಪನಿಯನ್ನು ಮರುವರ್ಷವೇ ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆ ಕೊಂಡುಕೊಂಡಿತು.

ಹೊಸ ಯಂತ್ರಕ್ಕೆ ಹೊಂದಿಕೊಳ್ಳುವುದು ಎಂದರೇನೆಂಬುದಕ್ಕೆ ಆಕೆ ಹೇಳುತ್ತಿದ್ದ ಒಂದು ಪ್ರಸಂಗವುಂಟು. ಆ ಕಂಪನಿಯ ಬೈನ್ಯಾಕ್ ಎಂಬ ಗಣಕಕ್ಕೆ ಎಂಟರ ಆಧಾರದ ಎಣಿಕೆಯಲ್ಲಿ ಬರೆಯಬೇಕಾಗಿತ್ತು. ಈ ಎಣಿಕೆಯಲ್ಲಿ ೮, ೯ ಎಂಬ ಅಂಕಿಗಳೇ ಇಲ್ಲ. ೭ಕ್ಕೆ ೧ ಕೂಡಿದರೆ ೧೦. ತಿಂಗಳುಗಟ್ಟಲೆ ಹೀಗೆಯೇ ಕೂಡಿ ಕಳೆದು ಅಭ್ಯಾಸವಾಗಿ, ಆಕೆಯ ಬ್ಯಾಂಕಿನ ಲೆಕ್ಕ ತಾಳೆಯಾಗದೆ ಹೋಯಿತು. ಬ್ಯಾಂಕ್ ಉದ್ಯೋಗದಲ್ಲಿದ್ದ ಸಹೋದರನು ಚೆಕ್ ಪುಸ್ತಕವನ್ನು ಶೋಧಿಸಿ ನೋಡಿದಾಗ, ಅಕ್ಕ ಕೆಲವೆಡೆ ಎಂಟರ ಎಣಿಕೆಯಲ್ಲಿ ಕಳೆದಿರುವುದು ಹೊರಬಿದ್ದಿತು! ಯಂತ್ರ ಮನುಷ್ಯನಂತೆ ಎಣಿಸಬೇಕೇ ಹೊರತು ಮನುಷ್ಯ ಯಂತ್ರದಂತೆ ಎಣಿಸುವುದು ತರವಲ್ಲವೆಂದು ಆಕೆಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಬೈನ್ಯಾಕ್ ನಂತರ ಬಂದದ್ದು ಯೂನಿವ್ಯಾಕ್. ೧೯೫೧ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಮೊದಲನೆಯದನ್ನು ಒಪ್ಪಿಸಲಾಯಿತು. ಐದು ಸಾವಿರಕ್ಕೂ ಮಿಕ್ಕ ಕೊಳವೆಗಳು. ಒಂದು ಸಂಕಲನಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಸುಮಾರು ಅರ್ಧದಷ್ಟು ಕಾಲ ಮಾತ್ರ. ಮಾರ್ಕ್ ೧ಕ್ಕಿಂತ ಐನೂರು ಪಟ್ಟಿಗೂ ಹೆಚ್ಚಿನ ವೇಗ. ಆದರೆ ಮುಖ್ಯವಾದ ವ್ಯತ್ಯಾಸ ವೇಗದಲ್ಲಿರಲಿಲ್ಲ. ಮಾರ್ಕ್ ೧ರಲ್ಲಿ ಆಜ್ಞೆಗಳು ಹೊರಗಿನ ಪಟ್ಟಿಯಲ್ಲಿದ್ದವು. ಯಂತ್ರ ಅವನ್ನು ಪಾಲಿಸಬಲ್ಲದು, ತಿದ್ದಲಾರದು. ಯೂನಿವ್ಯಾಕಿನಲ್ಲಿ ಪಾದರಸ ತುಂಬಿದ ಕೊಳವೆಗಳೊಳಗೆ ಶಬ್ದತರಂಗಗಳ ರೂಪದಲ್ಲಿ ಸುತ್ತುತ್ತಿದ್ದ ಸ್ಮೃತಿಯಿತ್ತು. ಹನ್ನೆರಡು ಅಕ್ಷರಗಳ ಸಾವಿರ ಪದಗಳಷ್ಟು ಅದರ ಸಾಮರ್ಥ್ಯ. ಸಂಖ್ಯೆಗಳೂ ಆಜ್ಞೆಗಳೂ ಎರಡೂ ಅದರೊಳಗೇ ಇರುತ್ತಿದ್ದವು. ಎಂದ ಮೇಲೆ ಯಂತ್ರವು ಸಂಖ್ಯೆಯನ್ನು ತಿದ್ದುವಂತೆಯೇ ಆಜ್ಞೆಯನ್ನೂ ತಿದ್ದಬಹುದು. ಆಜ್ಞೆಗಳನ್ನು ತಾನೇ ಬರೆಯಲೂಬಹುದು.

ಇತ್ತ ಹಾರ್ವರ್ಡಿನ ನೋಟುಪುಸ್ತಕದ ಅಭ್ಯಾಸ ಮುಂದುವರಿದಿತ್ತು, ಅದರ ತೊಡಕುಗಳೂ ಮುಂದುವರಿದಿದ್ದವು. ಒಬ್ಬರ ಪುಸ್ತಕದಿಂದ ಇನ್ನೊಬ್ಬರು ಎತ್ತಿಬರೆಯುವಾಗ ಇಂಗ್ಲಿಷಿನ ‘ಬಿ’ ಅಕ್ಷರ ಹದಿಮೂರರಂತೆ ಕಾಣುವುದು, ಖಾಲಿ ಜಾಗವನ್ನು ಸೂಚಿಸುವ ತ್ರಿಕೋನಾಕಾರದ ಡೆಲ್ಟಾ ಚಿಹ್ನೆ ನಾಲ್ಕಾಗುವುದು! ಇದಕ್ಕಿಂತ ದೊಡ್ಡ ಪೀಡೆ ಇನ್ನೊಂದು. ನೋಟುಪುಸ್ತಕದಲ್ಲಿ ಒಂದು ಲೆಕ್ಕದ ಆಜ್ಞೆಗಳನ್ನು ಸೊನ್ನೆಯಿಂದ ಸಂಖ್ಯೆ ಹಾಕಿ ಬರೆದಿದೆಯೆನ್ನೋಣ. ೫ನೆಯ ಕೋಶದಲ್ಲಿರುವುದನ್ನು ೯ನೆಯದಕ್ಕೆ ಕೂಡು ಎಂದು ಅದರಲ್ಲೊಂದು ಆಜ್ಞೆಯಿದೆ. ಹೊಸ ಕ್ರಮವಿಧಿಯಲ್ಲಿ ಇದೇ ಲೆಕ್ಕ ೨೦೦ನೆಯ ಕೋಶದಿಂದ ಆರಂಭವಾಗಬೇಕಾದರೆ, ೫ನ್ನು ೨೦೫ ಎಂದೂ ೯ನ್ನು ೨೦೯ ಎಂದೂ ತಿದ್ದಬೇಕು. ಹೀಗೆ ಪ್ರತಿಯೊಂದು ಸಾಲನ್ನೂ. ಗಣಿತದ ಪಂಡಿತರು ನೂರಾರು ಸಲ ಇಂಥ ಕೂಡುವಿಕೆಯನ್ನು ಮಾಡಿ, ಎಲ್ಲೋ ಒಂದು ಕಡೆ ತಪ್ಪುತ್ತಿದ್ದರು. ಎದುರಿಗಾದರೋ ಕೂಡುವುದಕ್ಕೆಂದೇ, ಎತ್ತಿಬರೆಯುವುದಕ್ಕೆಂದೇ ನಿರ್ಮಿಸಿದ ಯಂತ್ರ ನಿಂತಿದೆ! ಈ ವಿಪರ್ಯಾಸವನ್ನು ಮೊದಲಿಗೆ ಗಂಭೀರವಾಗಿ ಗಮನಿಸಿದವರಲ್ಲಿ ಹಾಪರ್ ಒಬ್ಬರು.

೧೯೫೨ರ ವೇಳೆಗೆ ಆಕೆ ಸಿದ್ಧಪಡಿಸಿದ ಎ–೦ ಎಂಬ ಕ್ರಮವಿಧಿ ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿತು. ಪರೀಕ್ಷಿಸಿದ ಲೆಕ್ಕಗಳನ್ನೆಲ್ಲ ಕಾಂತೀಯ ಪಟ್ಟಿಯಲ್ಲಿ ಸಂಗ್ರಹಿಸಿ, ಒಂದೊಂದಕ್ಕೂ ಒಂದು ಗುರುತು ಕೊಟ್ಟರು. ಗ್ರಂಥಾಲಯದಲ್ಲಿ ಸಂಖ್ಯೆ ಹೇಳಿ ಪುಸ್ತಕ ತರಿಸುವಂತೆ ಗುರುತುಗಳನ್ನು ಬರೆದರೆ ಸಾಕು. ಯಂತ್ರ ತಾನೇ ಆಯಾ ತುಣುಕನ್ನು ಹುಡುಕಿ, ಕೋಶಸಂಖ್ಯೆಗಳನ್ನು ತಿದ್ದಿ, ಒಂದರ ಹಿಂದೊಂದು ಜೋಡಿಸುತ್ತಿತ್ತು. ಹೀಗೆ ಸಂಗ್ರಹಿಸಿ ಸಂಕಲನ ಮಾಡುವುದರಿಂದ ಅದಕ್ಕೆ ಕಂಪೈಲರ್ ಎಂದು ಹೆಸರು. ಇಂದು ಕಂಪೈಲರ್ ಎಂದರೆ ನಾವು ಭಾಷಾಂತರಕಾರನನ್ನು ಭಾವಿಸುತ್ತೇವೆ. ಎ–೦ ಆ ಅರ್ಥದಲ್ಲಿ ಪೂರ್ಣ ಭಾಷಾಂತರಕಾರನಲ್ಲ, ಈಗಿನ ಲಿಂಕರ್ ಎಂಬ ಜೋಡಣೆಗಾರನಿಗೆ ಹತ್ತಿರದ ನೆಂಟ.

ಇದರಲ್ಲೊಂದು ಜಟಿಲ ಸಮಸ್ಯೆಯಿತ್ತು. ಸಾಲುಗಳನ್ನು ಒಂದೊಂದಾಗಿ ಜೋಡಿಸುತ್ತ ಹೋಗುವಾಗ ‘ಮುಂದಿನ ಇಂಥ ಜಾಗಕ್ಕೆ ನೆಗೆ’ ಎಂಬ ಆಜ್ಞೆ ಬರುತ್ತದೆ. ಆ ಮುಂದಿನ ಜಾಗ ಎಷ್ಟನೆಯ ಕೋಶದಲ್ಲಿ ಬರುವುದೋ ಇನ್ನೂ ಗೊತ್ತಿಲ್ಲ. ಹಾಪರ್‌ಗೆ ಕಾಲೇಜಿನ ದಿನಗಳ ಬಾಸ್ಕೆಟ್‌ಬಾಲ್ ಆಟ ನೆನಪಾಯಿತಂತೆ. ಅಂದಿನ ಮಹಿಳೆಯರ ಆಟದ ನಿಯಮದಂತೆ ಚೆಂಡನ್ನು ನೆಲಕ್ಕೆ ಕುಪ್ಪಳಿಸುತ್ತ ಓಡಿಹೋಗುವಂತಿರಲಿಲ್ಲ. ಅದನ್ನು ಜೊತೆಗಾತಿಗೆ ಎಸೆದು, ತಾನು ಮುಂದೆ ಓಡಿ, ಅಲ್ಲಿ ಮರಳಿ ಪಡೆಯಬೇಕು. ಹಾಗೆಯೇ ಸ್ಮೃತಿಯ ಕೊನೆಯಲ್ಲೊಂದು ಮೂಲೆಯನ್ನು ಕಾದಿರಿಸಿ, ನೆಗೆತದ ಆಜ್ಞೆಯನ್ನು ಸದ್ಯಕ್ಕೆ ಆ ಮೂಲೆಗೆ ತಿರುಗಿಸಿದರು. ಮುಂದಿನ ಜಾಗ ಸಿಕ್ಕಿದಾಗ, ಅಲ್ಲಿಗೆ ಹೋಗೆಂಬ ಚೀಟಿಯನ್ನು ಆ ಮೂಲೆಯಲ್ಲಿಟ್ಟರೆ ತೀರಿತು.

ಯಂತ್ರ ಲೆಕ್ಕವನ್ನು ಮಾತ್ರ ಮಾಡಬಲ್ಲದು, ಕ್ರಮವಿಧಿಗಳನ್ನು ಬರೆಯಲಾರದು ಎಂಬ ನಂಬಿಕೆಯಿಂದ ಈ ಕಂಪೈಲರನ್ನು ಬಹುಕಾಲ ಯಾರೂ ಮುಟ್ಟಲೇ ಇಲ್ಲವೆಂದು ಆಕೆ ಹೇಳುತ್ತಿದ್ದರು. ಈ ದಾರಿಯಲ್ಲಿ ಆಕೆ ಒಬ್ಬಂಟಿಯಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಲಿಕ್ ಗ್ಲೆನ್ನಿ ೧೯೫೨ರಲ್ಲಿಯೇ ಇಂಥದೊಂದನ್ನು ರಚಿಸಿದ್ದರು. ಐಬಿಎಂನ ಜಾನ್ ಬ್ಯಾಕಸ್ ಮತ್ತು ಅವರ ಬಳಗದವರ ಫೋರ್ಟ್ರಾನ್ ೧೯೫೭ರಲ್ಲಿ ಹೊರಬಂದು, ಗಣಿತದ ಸೂತ್ರಗಳನ್ನೇ ಯಂತ್ರಕ್ಕೆ ಒಪ್ಪಿಸುವಂತೆ ಮಾಡಿತು. ಹಾಪರ್ ಅವರ ದೃಷ್ಟಿ ಬೇರೆಡೆಗಿತ್ತು. ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ ಇವುಗಳನ್ನು ನೋಡಿಕೊಳ್ಳುವವರು ಸೂತ್ರಪ್ರಿಯರಲ್ಲ. ಅವರಿಗೆ ಬೇಕಾದುದು ಮಾತು. ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದರೆ ಯಂತ್ರವೇ ತನ್ನ ಭಾಷೆಗೆ ತಿರುಗಿಸಿಕೊಳ್ಳಲಿ ಎಂಬುದು ಆಕೆಯ ಹಟ. ಅದರಿಂದ ಹುಟ್ಟಿದ್ದು ಫ್ಲೋ–ಮ್ಯಾಟಿಕ್.

ಅದರ ಮೊದಲ ಮಾದರಿಯನ್ನು ಕಂಪನಿಯ ಹಿರಿಯರಿಗೆ ತೋರಿಸುವಾಗ ಹಾಪರ್ ಒಂದು ಚಮತ್ಕಾರ ಮಾಡಿದರು. ಅದೇ ಚಿಕ್ಕ ಕ್ರಮವಿಧಿಯನ್ನು ಇಂಗ್ಲಿಷಿನ ಜೊತೆಗೆ ಫ್ರೆಂಚ್, ಜರ್ಮನ್ ಪದಗಳಲ್ಲಿಯೂ ಬರೆದು ಓಡಿಸಿದರು. ಹಿರಿಯರು ಮೆಚ್ಚಲಿಲ್ಲ, ಬೆಚ್ಚಿದರು. ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಮರ್ಯಾದಸ್ಥ ಅಮೆರಿಕನ್ ಯಂತ್ರಕ್ಕೆ ಫ್ರೆಂಚ್ ತಿಳಿಯುವುದುಂಟೆ! ಯಂತ್ರಕ್ಕೆ ಇಂಗ್ಲಿಷೂ ತಿಳಿಯದು, ಅದು ಅಕ್ಷರಗಳ ಒಂದು ಗುಂಪನ್ನು ಗುರುತಿಸಿ ಅದಕ್ಕೆ ಸಲ್ಲುವ ಆಜ್ಞೆಗಳನ್ನು ಇಡುತ್ತದೆ ಅಷ್ಟೆ ಎಂದು ಅವರಿಗೆ ಮನಗಾಣಿಸಲು ಮತ್ತೆ ನಾಲ್ಕು ತಿಂಗಳು ಹಿಡಿಯಿತಂತೆ. ಆ ಸ್ಥಳದಲ್ಲಿ ಕನ್ನಡದ ಪದಗಳನ್ನಿಟ್ಟಿದ್ದರೂ ಫಲ ಅದೇ ಆಗುತ್ತಿತ್ತೆಂಬುದನ್ನು ನಮ್ಮ ವಾಚಕರು ಊಹಿಸಬಲ್ಲರು.

ಆದರೆ ಫ್ಲೋ–ಮ್ಯಾಟಿಕ್ ಒಂದೇ ಕಂಪನಿಯ ಸೊತ್ತು. ಮಗ್ಗಕ್ಕೊಂದು ರಟ್ಟು ಎಂಬ ಕಷ್ಟ ಹೋಗಿ ಕಂಪನಿಗೊಂದು ಭಾಷೆ ಎಂಬ ಕಷ್ಟ ಬಂದಿತ್ತು. ಇದನ್ನು ನೀಗಲೆಂದು ೧೯೫೯ರ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ತಯಾರಕರೂ ಬಳಕೆದಾರರೂ ಸಭೆ ಸೇರಿದರು. ಅಲ್ಲಿ ನೇಮಕವಾದ ಸಮಿತಿಯವರು ಕೋಬಾಲ್ ಎಂಬ ಸಾಮಾನ್ಯ ಭಾಷೆಯನ್ನು ರೂಪಿಸಿದರು. ಹಾಪರ್ ಅವರನ್ನು ಕೋಬಾಲಿನ ಜನನಿ ಎನ್ನುವುದುಂಟು. ಅದನ್ನು ಬರೆದವರು ಜೀನ್ ಸ್ಯಾಮೆಟ್ ಮೊದಲಾದವರು, ಹಾಪರ್ ಸಲಹೆಗಾರ್ತಿ. ಆದರೆ ಅದರ ಮುಖ್ಯ ತಳಹದಿ ಫ್ಲೋ–ಮ್ಯಾಟಿಕ್ಕೇ ಆದುದರಿಂದ ಅಜ್ಜಿ ಎಂದರೆ ಹೆಚ್ಚು ಸರಿಯಾದೀತು.

ಕೋಬಾಲಿನ ರಚನೆಯಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕ್ರಮವಿಧಿಯನ್ನು ನಾಲ್ಕು ಭಾಗಗಳಾಗಿ ಒಡೆಯಲಾಗಿದೆ. ಮೊದಲನೆಯದು ಕೇವಲ ಹೆಸರು ಕುಲಗೋತ್ರ. ಎರಡನೆಯದರಲ್ಲಿ ಯಂತ್ರ ಯಾವುದು, ಅದಕ್ಕೆ ಸೇರಿದ ಪಟ್ಟಿಯ ಸಲಕರಣೆಗಳು ಯಾವುವು ಎಂಬ ವಿವರ. ಮೂರನೆಯದು ದತ್ತಾಂಶದ ಆಕಾರ. ಹೆಸರಿಗೆ ಎಷ್ಟು ಅಕ್ಷರ, ಸಂಬಳಕ್ಕೆ ಎಷ್ಟು ಅಂಕಿ ಎಂಬಂತೆ. ನಾಲ್ಕನೆಯದರಲ್ಲಿ ಮಾಡಬೇಕಾದ ಕೆಲಸ: ಮೂಲವೇತನಕ್ಕೆ ಭತ್ಯವನ್ನು ಕೂಡಿ ಒಟ್ಟು ವೇತನವೆಂದಿಡು ಎಂಬಂಥ ವಾಕ್ಯಗಳು. ಯಂತ್ರಕ್ಕೆ ಸಂಬಂಧಿಸಿದುದನ್ನೆಲ್ಲ ಆದಷ್ಟು ಮಟ್ಟಿಗೆ ಎರಡನೆಯ ಭಾಗವೊಂದರಲ್ಲಿಯೇ ಕಟ್ಟಿಹಾಕಿದ್ದಾರೆ. ಯಂತ್ರ ಬದಲಾದರೆ ಆ ಕಟ್ಟನ್ನು ಬಿಚ್ಚಿ ಬದಲಾಯಿಸಿದರೆ ಸಾಕು. ವೇತನದ ಲೆಕ್ಕವನ್ನು ಮುಟ್ಟಬೇಕಾಗಿಲ್ಲ.

ಇದು ಬರಿಯ ಆಶೆಯಲ್ಲವೆಂದು ತಿಳಿದದ್ದು ೧೯೬೦ರ ಡಿಸೆಂಬರ್ ೬ ಮತ್ತು ೭ರಂದು. ಆರ್‌ಸಿಎ ಕಂಪನಿಯ ೫೦೧ ಎಂಬ ಯಂತ್ರ ಒಂದು, ರೆಮಿಂಗ್ಟನ್ ರ‍್ಯಾಂಡ್‌ನ ಎರಡನೆಯ ಯೂನಿವ್ಯಾಕ್ ಇನ್ನೊಂದು. ಒಳರಚನೆಯಲ್ಲಿ ಪರಸ್ಪರ ಸಂಬಂಧವೇ ಇಲ್ಲದ, ಪ್ರತಿಸ್ಪರ್ಧಿಗಳು ಕಟ್ಟಿದ ಯಂತ್ರಗಳು. ಒಂದೇ ಕೋಬಾಲ್ ಬರಹ ಅಲ್ಪಸ್ವಲ್ಪ ಬದಲಾವಣೆಯೊಡನೆ ಎರಡರಲ್ಲಿಯೂ ಓಡಿತು. ಒಂದೇ ರಟ್ಟಿನಿಂದ ಎರಡು ಮಗ್ಗಗಳಲ್ಲಿ ನವಿಲು ಮೂಡಿತು. ಹಾಪರ್ ಕಲಿತ ಮೊದಲ ಯಂತ್ರವಾದ ಮಾರ್ಕ್ ೧ನ್ನು ಅದರ ಹಿಂದಿನ ವರ್ಷವಷ್ಟೆ ನಿಲ್ಲಿಸಿದ್ದರು.

ಮುಂದೆ ಎಲ್ಲವೂ ಸುಗಮವಾಯಿತೆಂದು ಭಾವಿಸಬಾರದು. ಕಂಪನಿಗಳು ತಮ್ಮ ತಮ್ಮ ಕೋಬಾಲಿಗೆ ಒಂದೊಂದು ಬಾಲ ಸೇರಿಸಿದವು. ಬರಹ ಮತ್ತೆ ಯಂತ್ರಕ್ಕೆ ಅಂಟಿಕೊಳ್ಳತೊಡಗಿತು. ೧೯೬೬ರ ಕೊನೆಯಲ್ಲಿ ವಯೋಮಿತಿಯ ಕಾರಣ ಮೀಸಲು ಪಡೆಯಿಂದ ನಿವೃತ್ತರಾಗಿದ್ದ ಹಾಪರ್ ಅವರನ್ನು ನೌಕಾದಳ ೧೯೬೭ರ ಆಗಸ್ಟ್‌ನಲ್ಲಿ ಮರಳಿ ಕರೆಸಿಕೊಂಡಿತು, ಇದನ್ನು ಸರಿಪಡಿಸಲೆಂದೇ, ಆರು ತಿಂಗಳ ಮಟ್ಟಿಗೆ. ಆ ಆರು ತಿಂಗಳು, ನಡುವೆ ಒಮ್ಮೆ ಅಲ್ಪಕಾಲ ಬಿಡುವಾದುದನ್ನು ಬಿಟ್ಟರೆ, ಸುಮಾರು ಹತ್ತೊಂಬತ್ತು ವರ್ಷ ನಡೆದವು! ಒಪ್ಪಂದದ ಕಾಗದದಿಂದ ಮಾತ್ರ ಒಂದು ಭಾಷೆ ಏಕರೂಪವಾಗಿ ಉಳಿಯದೆಂದು ತಿಳಿದ ಹಾಪರ್ ಮತ್ತು ಸಂಗಡಿಗರು, ಕಂಪೈಲರುಗಳನ್ನೇ ಪರೀಕ್ಷೆಗೆ ಕೂರಿಸುವ ಕ್ರಮವಿಧಿಗಳನ್ನು ರಚಿಸಿದರು. ತನ್ನದು ಶುದ್ಧ ಕೋಬಾಲೆಂದು ಹೇಳುವ ಕಂಪನಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತೋರಿಸಬೇಕು. ನಮ್ಮ ಅಭಿಪ್ರಾಯದಲ್ಲಿ ಇದು ಎ–೦ಕ್ಕಿಂತ ಕಡಿಮೆಯ ಕೆಲಸವೇನಲ್ಲ. ಹೊಸದನ್ನು ಹುಟ್ಟಿಸಿದವರ ಕೀರ್ತಿ ಅದನ್ನು ಕಾಪಾಡಿದವರಿಗೆ ದೊರೆಯುವುದು ಕಷ್ಟ.

ಯಂತ್ರಗಳು ಮತ್ತೆರಡು ಸಲ ಬದಲಾದವು. ಕೊಳವೆಗಳು ಹೋಗಿ ಟ್ರಾನ್ಸಿಸ್ಟರುಗಳು ಬಂದವು. ಕೊಠಡಿ ತುಂಬುವ ಯಂತ್ರಗಳ ಪಕ್ಕದಲ್ಲಿ ಮೇಜಿನ ಮೇಲೆ ಕೂರುವ ಯಂತ್ರಗಳು ಬಂದವು. ಹಿರಿಯರನೇಕರು ಇವನ್ನು ಆಟಿಕೆಗಳೆಂದು ತಳ್ಳಿಹಾಕಿದಾಗ ಹಾಪರ್ ಎತ್ತುಗಳ ದೃಷ್ಟಾಂತ ಕೊಡುತ್ತಿದ್ದರು: ಒಂದು ಎತ್ತಿನಿಂದ ಕದಲದ ಮರದ ದಿಮ್ಮಿಗೆ ನಮ್ಮ ಹಿಂದಿನವರು ಇನ್ನೊಂದು ಎತ್ತನ್ನು ಕಟ್ಟಿದರು, ಮೊದಲನೆಯದನ್ನೇ ದೊಡ್ಡದಾಗಿ ಬೆಳೆಸಲು ಹೊರಡಲಿಲ್ಲ ಎಂದು. ಉಪನ್ಯಾಸಗಳಲ್ಲಿ ಒಂದಡಿಗೆ ತುಸು ಕಡಿಮೆ, ಸುಮಾರು ೩೦ ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಬೆಳಕು ಕ್ರಮಿಸುವ ದೂರ ಅಷ್ಟು. ಯಂತ್ರ ವೇಗವಾಗಬೇಕಾದರೆ ಅದು ಕಿರಿದೂ ಆಗಬೇಕೆಂಬುದನ್ನು ಆ ತಂತಿಯನ್ನು ಹಿಡಿದವರಿಗೆ ಬೇರೆ ಹೇಳಬೇಕಾಗಿರಲಿಲ್ಲ.

೧೯೮೬ರ ಆಗಸ್ಟ್‌ನಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿದ್ದು ನಿವೃತ್ತರಾದರು. ಆಮೇಲೂ ಮನೆಯಲ್ಲಿ ಕೂರದೆ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಗಣಕಸಂಸ್ಥೆಗೆ ಸಲಹೆಗಾರ್ತಿಯಾದರು. ೧೯೯೨ರ ಜನವರಿ ೧ರಂದು ತೀರಿಕೊಂಡರು.

ಯಂತ್ರ ಬದಲಾದರೂ ಬರಹ ಉಳಿಯಬೇಕೆಂಬ ಆಕೆಯ ಹಂಬಲ ಎಷ್ಟರ ಮಟ್ಟಿಗೆ ಫಲಿಸಿತೆಂಬುದು ಅನಂತರ, ಅನಿರೀಕ್ಷಿತ ರೀತಿಯಲ್ಲಿ ಬಯಲಾಯಿತು. ೧೯೬೦ರ ದಶಕದಲ್ಲಿ ಮಾಹಿತಿಯನ್ನು ತುಂಬುತ್ತಿದ್ದುದು ೮೦ ಅಕ್ಷರಗಳಷ್ಟೇ ಹಿಡಿಸುವ ರಟ್ಟಿನ ಕಾರ್ಡುಗಳಲ್ಲಿ. ಜಾಗ ಉಳಿಸಲೆಂದು ಇಸವಿಗೆ ಎರಡೇ ಅಂಕಿಗಳನ್ನಿಟ್ಟರು. ೧೯೬೫ ಎನ್ನಲು ೬೫. ಈ ಕ್ರಮವಿಧಿಗಳು ಶತಮಾನದ ಕೊನೆಯವರೆಗೆ ಬದುಕುವುವೆಂದು ಅವನ್ನ ಬರೆದವರು ಎಣಿಸಿರಲಿಲ್ಲ. ಕಾರ್ಡುಗಳು ಹೋದವು, ಆ ಯಂತ್ರಗಳು ಗುಜರಿಗೆ ಹೋದವು, ಬರಹ ಮಾತ್ರ ಒಂದು ಯಂತ್ರದಿಂದ ಮುಂದಿನದಕ್ಕೆ ದಾಟುತ್ತ ಬ್ಯಾಂಕುಗಳಲ್ಲಿಯೂ ವಿಮಾ ಸಂಸ್ಥೆಗಳಲ್ಲಿಯೂ ದುಡಿಯುತ್ತಲೇ ಇತ್ತು. ೨೦೦೦ದ ಇಸವಿಯನ್ನು ಅದು ೦೦ ಎಂದು ಓದಿ, ೧೯೦೦ ಎಂದು ಭಾವಿಸುವ ಸಂಭವವಿತ್ತು. ಅದನ್ನು ತಿದ್ದುವ ಕೆಲಸದಲ್ಲಿ ಒಂದು ಪಾಲು ಭಾರತಕ್ಕೆ ಬಂದಿತು. ೧೯೯೦ರ ದಶಕದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಇನ್ಫೋಸಿಸ್, ವಿಪ್ರೊ ಮೊದಲಾದ ಸಂಸ್ಥೆಗಳಲ್ಲಿ, ಕಾಲೇಜಿನಿಂದ ಆಗತಾನೆ ಹೊರಬಂದ ತರುಣ ತರುಣಿಯರು ಕೋಬಾಲನ್ನು ಹೊಸದಾಗಿ ಕಲಿತು, ತಮಗಿಂತ ಹಿರಿಯ ವಯಸ್ಸಿನ ಕ್ರಮವಿಧಿಗಳನ್ನು ಸಾಲು ಸಾಲಾಗಿ ಓದಿದರು. ಅವುಗಳನ್ನು ಬರೆದ ಯಂತ್ರವನ್ನು ಅವರಾರೂ ಕಂಡವರಲ್ಲ. ವಾಕ್ಯಗಳು ಮಾತ್ರ ಅರ್ಥವಾಗುತ್ತಿದ್ದವು. ದತ್ತಾಂಶದ ಭಾಗವನ್ನು ಹುಡುಕಿ, ಇಸವಿಯ ಕೋಶಕ್ಕೆ ಇನ್ನೆರಡು ಅಂಕಿಗಳ ಜಾಗ ಮಾಡಿ, ಮುಂದಿನ ಪುಟಕ್ಕೆ ಹೋದರು.